ಹೆಲ್ಮೆಟ್ಟಿನೊಳಗಿನ ಮೂಸಂಬಿ

ನನಗೆ ಬರುವ ವಿದ್ಯೆ ಒಂದೇ, ಗಂಡನ ಹೆಸರು ಹೇಳುವ ಪದ ಕಟ್ಟುವುದು. ನಮ್ಮ ಕಡೆ ಹೊಸ ಸೊಸೆ ಹೊಸಿಲು ದಾಟುವಾಗ, ಸೀಮಂತದ ಆರತಿಯಾಗುವಾಗ, ಹೆಂಗಸರೆಲ್ಲ ಅಡ್ಡ ನಿಂತು "ಗಂಡನ ಹೆಸರು ಹೇಳು" ಎಂದು ಕಾಡುತ್ತಾರೆ. ಬರೀ ಹೆಸರು ಹೇಳಿದರೆ ಬಿಡುವುದಿಲ್ಲ, ಪ್ರಾಸ ಹಾಕಿದ ಪದದೊಳಗೆ ಸೇರಿಸಿ ಹೇಳಬೇಕು. ನಂಜನಗೂಡಿನ ನಮ್ಮ ಬೀದಿಯಲ್ಲಿ ಶುಭಕಾರ್ಯ ಎಂದರೆ ಹುಡುಗಿಯರು ಸೀದಾ ನಮ್ಮ ಅಡುಗೆಮನೆಗೆ ಬರುತ್ತಾರೆ. ನಾನು ದುಡ್ಡು ಮುಟ್ಟುವುದಿಲ್ಲ. ನಮ್ಮೂರ ದೇವರು ನಂಜುಂಡಪ್ಪ ಕೊಟ್ಟ ನಾಲಿಗೆ. ಅದಕ್ಕೆ ಅವನಿಗೆ ನಾನೇನು ಬಾಡಿಗೆ ಕಟ್ಟುತ್ತೇನೆಯೇ?

ಷರತ್ತು ಒಂದೇ. ಬಂದವಳು ಕೂತು, ಗಂಡನ ಬಗ್ಗೆ ಮೂರು ಮಾತು ಹೇಳಬೇಕು. ಅದನ್ನು ನೋಟ್‌ಬುಕ್ಕಿನ ಎಡಗಡೆ ಪುಟದಲ್ಲಿ ಪೆನ್ಸಿಲ್ಲಿನಲ್ಲಿ ಗೀಚಿಕೊಳ್ಳುತ್ತೇನೆ. ಕಟ್ಟಿದ ಪದ ಬಲಗಡೆಗೆ, ಪೆನ್ನಿನಲ್ಲಿ. ಬಲಗಡೆಯದು ಊರಿನದು. ಯಾರು ಬೇಕಾದರೂ ಬರೆದುಕೊಂಡು, ಹೆಸರು ಬದಲಾಯಿಸಿ ಹೇಳಿಕೊಳ್ಳಬಹುದು. ನನ್ನ ಪದಗಳು ಗುಲಾಬಿ ಹೂವಿನ ಚಿತ್ರ ಅಂಟಿಸಿಕೊಂಡು ವಾಟ್ಸಾಪಿನಲ್ಲಿ ನನಗೇ ವಾಪಸು ಬಂದಿವೆ, 'ನಮ್ಮಜ್ಜಿ ಕಾಲದ ಪದ' ಎಂಬ ಒಕ್ಕಣೆಯ ಸಮೇತ. ಬದುಕಿರುವಾಗಲೇ ಅಜ್ಜಿಯ ಕಾಲ ಸೇರಿದೆನಲ್ಲ ಎಂದು ಕೈಮುಗಿದೆ.

ಎಡಗಡೆಯದು ಮಾತ್ರ ಹೇಳಿದವಳದು. ಎದುರು ಮನೆಯವಳದನ್ನೇ ನೋಡಿ. ಅವಳು ಬಸುರಿಯಾಗಿದ್ದಾಗ ಮೂಸಂಬಿ ಶೀತವೆಂದು ಅತ್ತೆ ಅದನ್ನು ಮನೆಯೊಳಗೇ ಬಿಡುತ್ತಿರಲಿಲ್ಲವಂತೆ. ಗಂಡ ಹೆಲ್ಮೆಟ್ಟಿನೊಳಗೆ ಬಚ್ಚಿಟ್ಟು ತಂದು, ಕೋಣೆಯ ಬಾಗಿಲು ಹಾಕಿ ಸುಲಿದು ತಿನ್ನಿಸಿದ್ದ. "ಅತ್ತೆ ಕಿವಿಗೆ ಬಿದ್ರೆ ನಾನು ತೌರಿಗೆ ಗಂಟು ಕಟ್ಬೇಕಾಯ್ತದೆ ಅಕ್ಕ" ಎಂದಿದ್ದಳು. ಹಾಗಾಗಿ ಬಲಗಡೆಗೆ 'ಬಯಕೆ ಬಲ್ಲವರು' ಎಂದಷ್ಟೇ ಬಂತು. ಎಡಗಡೆಯನ್ನು ನಾನು ನಮ್ಮ ಯಜಮಾನರಿಗೂ ತೋರಿಸಿಲ್ಲ. ಅಲ್ಲಿ ಮೊದಲು ಗೀಚಿದ್ದೇ ಅವರ ಬಗ್ಗೆ ಎನ್ನುವುದು ಬೇರೆ ಮಾತು.

ನನ್ನ ನಾದಿನಿ ಇರುವುದು ತಿ. ನರಸೀಪುರದಲ್ಲಿ. ಮಗನ ಮದುವೆಗೆ ಕರೆಯಲು ಒಂದು ಸೋಮವಾರ ಬಂದವಳು ಕಾಫಿ ಲೋಟ ಕೆಳಗಿಡುವ ಮೊದಲೇ ಶುರುಮಾಡಿದಳು.

"ಅತ್ಗೆ, ನಿನ್ ಬುಕ್ಕ ಕೊಡು. ಪೂರ್ತಿ ಫೋಟೋ ಒಡ್ದು ಎಐಗೆ ಆಕ್ಬುಡ್ತೀನಿ. ಆಮೇಕೆ ನಿಂಗೆ ಕಷ್ಟನೇ ಇಲ್ಲ. ಗಂಡನ್ ಎಸ್ರು ಒತ್ತುದ್ರೆ ಪದ ಬತ್ತದೆ."

"ಬ್ಯಾಡ ಕಣವ್ವ."

"ಬೀದಿಗೆಲ್ಲ ಬಿಟ್ಟಿ ಅಂಚ್ತೀಯ, ಅದೊಂದ್ ಏನ್ ಪಾಪ ಮಾಡ್ತು?"

ಒಳ್ಳೆಯ ಪ್ರಶ್ನೆ. "ಅದು ಬಂದು ನನ್ನೆದುರು ಕೂತ್ಕಳಲ್ವಲ್ಲ. ಯಾರ್ ಹೇಳಿದ್ದು, ಯಾರ್ ಮುಂದೆ ಹೇಳ್ಬಾರ್ದು ಅನ್ನೋದು ಅದಕ್ಕೆ ಹೆಂಗ್ ಗೊತ್ತಾಯ್ತದೆ? ಸೊಸೇನ ಕಳ್ಸು, ಪದ ಕಟ್ಟಿ ಕೊಡ್ತೀನಿ" ಎಂದೆ. ಸೊಸೆಗೆ ಪುರುಸೊತ್ತಿಲ್ಲವಂತೆ.

ಯಾವುದಕ್ಕೂ ಇರಲಿ ಎಂದು ಬುಕ್ಕಿನ ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ ಬರೆದೆ: 'ಯಾರು ಬೇಕಾದರೂ ಬರೆದುಕೊಳ್ಳಿ, ಹೇಳಿಕೊಳ್ಳಿ. ಎಐಗೆ ಹಾಕಬೇಡಿ.' ಬರೆದ ಮೇಲೆ ಬೀಗ ಹಾಕಿದಷ್ಟು ಧೈರ್ಯ ಬಂತು. ಬುಕ್ಕನ್ನು ಫ್ರಿಜ್ಜಿನ ಮೇಲಿಟ್ಟು, ನಾದಿನಿಯನ್ನು ಮನೆಯಲ್ಲಿ ಬಿಟ್ಟು, ಸೋಮವಾರದ ಪೂಜೆಗೆ ದೇವಸ್ಥಾನಕ್ಕೆ ಹೋದೆ. ಆ ದಿನ ರಶ್ಶಿರಲಿಲ್ಲ, ದರ್ಶನ ಬೇಗ ಆಯಿತು. ಎಷ್ಟು ಪುಣ್ಯ ಎಂದುಕೊಂಡು ಇನ್ನೊಂದು ಸುತ್ತು ಹಾಕಿದೆ. ಆ ಸುತ್ತೇ ನನಗೆ ಮುಳುವಾಯಿತು.

ಮದುವೆ ಚೆನ್ನಾಗಿಯೇ ಆಯಿತು. ಸೊಸೆಯನ್ನು ಮನೆ ತುಂಬಿಸಿಕೊಳ್ಳುವ ಶಾಸ್ತ್ರಕ್ಕೆ ನಮ್ಮ ಬೀದಿಯವರೆಲ್ಲ ವ್ಯಾನು ಮಾಡಿಕೊಂಡು ನರಸೀಪುರಕ್ಕೆ ಹೋದೆವು. ಎದುರು ಮನೆಯವಳು, ಅವಳ ಗಂಡ, ಅವಳ ಅತ್ತೆ ಎಲ್ಲರೂ ಇದ್ದರು. ನನಗೆ ಕಿಟಕಿ ಪಕ್ಕದ ಸೀಟು ಸಿಕ್ಕಿತು.

ಹೊಸಿಲ ಮೇಲೆ ಅಕ್ಕಿಯ ಸೇರು, ಒಳಗೆ ಆರತಿ ತಟ್ಟೆ ಹಿಡಿದ ಎದುರು ಮನೆಯವಳು, ಹೊರಗೆ ಹೊಸ ಸೊಸೆ. ಎಲ್ಲರೂ "ಎಸ್ರೇಳು, ಎಸ್ರೇಳು" ಎಂದರು. ಹುಡುಗಿ ಸೆರಗಿನಿಂದ ಫೋನು ತೆಗೆದು ಗಟ್ಟಿಯಾಗಿ ಓದಿದಳು.

"ಅತ್ತೆಯ ಕಣ್ಣು ತಪ್ಪಿಸಿ, ಹೆಲ್ಮೆಟ್ಟಿನಲ್ಲಿ ಮೂಸಂಬಿ ಇರಿಸಿ, ಬಾಗಿಲು ಹಾಕಿ ಸುಲಿದು ತಿನ್ನಿಸಿದ ನನ್ನೊಲವಿನ ಅರಸ..."

ಕೊನೆಗೆ ಬಂದ ಹೆಸರು ಯಾರಿಗೂ ಕೇಳಿಸಲಿಲ್ಲ.

"ಒಳೀಕ್ ಬರಕ್ ಮುಂಚೇನೆ ಅತ್ತೆ ಮ್ಯಾಲೆ ಕಂಪ್ಲೇಂಟು!" ಎಂದು ಯಾರೋ ಕೂಗಿದರು. ನಾದಿನಿಯ ಮುಖ ಕುಂಕುಮದ ಬಣ್ಣಕ್ಕೆ ತಿರುಗಿತು. "ನನ್ ಕಣ್ ತಪ್ಸುದ್ಯಾ? ಯಾವಾಗ್ಲಾ?" ಎಂದು ಮಗನ ಮೇಲೆ ಬಿದ್ದಳು.

"ಅಮ್ಮಾ, ನಂಗೆ ಬೈಕೇ ಬರಲ್ಲ ಕಣಮ್ಮ!"

ಜನ ನಕ್ಕರು. ನನಗೆ ನಗು ಬರಲಿಲ್ಲ. ಎದುರು ಮನೆಯವಳ ಕಣ್ಣು ನನ್ನ ಮೇಲಿತ್ತು. ಅವಳ ಗಂಡ ಚಪ್ಪರದ ಗಳುಗಳನ್ನು ಒಂದೊಂದಾಗಿ ಎಣಿಸುತ್ತಿದ್ದ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ಅವಳ ಅತ್ತೆ ನಿಧಾನವಾಗಿ ಎದ್ದು ನಿಂತರು. ಅಪ್ಪಾ ನಂಜುಂಡಪ್ಪ, ಒಂದು ಮನೆ ನನ್ನಿಂದ ಒಡೆಯಿತಲ್ಲ ಎಂದುಕೊಂಡೆ.

"ಅದು ನಮ್ಮನೆ ಮೂಸಂಬಿ ಕಣ್ರವ್ವ" ಎಂದರು ಮುದುಕಿ. "ಮಂಚದಡೀಲಿ ಸಿಪ್ಪೆ ಗುಡಿಸ್ದೋಳು ನಾನಲ್ವಾ? ದಿನಾ ಗುಡಿಸ್ದೆ. ಗೊತ್ತು ಅಂದ್ಬುಟ್ರೆ ಇವ ತರಾದ ಬುಟ್ಬುಡ್ತನೆ ಅಂತ ಸುಮ್ಕಿದ್ದೆ."

ಎದುರು ಮನೆಯವಳು ಆರತಿ ತಟ್ಟೆಯನ್ನು ಪಕ್ಕದವಳ ಕೈಗೆ ಕೊಟ್ಟು ಕಣ್ಣೊರೆಸಿಕೊಂಡಳು. ಆಮೇಲೆ ನನ್ನತ್ತ ತಿರುಗಿದಳು. "ಅಕ್ಕ, ನೀವೇ ಹೇಳುದ್ರಾ?"

"ನಂಜುಂಡಪ್ಪನಾಣೆಗೂ ಇಲ್ಲ ಕಣೆ."

"ನಾನೇ ಕಣವ್ವ" ಎಂದಳು ನಾದಿನಿ, ಈಗ ಮೆಲ್ಲಗೆ. "ಅತ್ಗೆ ದೇವಸ್ಥಾನಕ್ ಓಗಿದ್ದಾಗ ಫೋಟೋ ಒಡ್ಕಂಡೆ. ಎಡಗಡೆ ಬಲಗಡೆ ನಂಗೇನ್ ಗೊತ್ತು?"

"ಮೊದಲ್ನೇ ಪುಟ ನೋಡ್ಲಿಲ್ವಾ?"

"ಅದ್ರುದ್ದೂ ಒಡ್ದು ಆಕಿವ್ನಿ."

ಹಾಕಬೇಡಿ ಎಂದು ಬರೆದದ್ದನ್ನೂ ಹಾಕಿದ್ದಾಳೆ, ಅದೂ ಓದಿಕೊಂಡಿದೆ. ಇಬ್ಬರಲ್ಲಿ ಯಾರನ್ನು ಬೈಯಲಿ?

ಹೊಸ ಸೊಸೆ ಇನ್ನೂ ಹೊರಗೇ ನಿಂತಿದ್ದಳು. ಅವಳನ್ನು ಮೆಟ್ಟಿಲ ಮೇಲೆ ಕೂರಿಸಿ ಗಂಡನ ಬಗ್ಗೆ ಮೂರು ಮಾತು ಕೇಳಿದೆ. ಅವಳಿಗೆ ಗೊತ್ತಿದ್ದದ್ದೇ ಒಂದು. "ಫೋನಲ್ಲಿ ಮಾತಾಡ್ತಾ ಮಾತಾಡ್ತಾ ನಿದ್ದೆ ಮಾಡ್ಬುಡ್ತಾರೆ." ಎಲ್ಲರ ಮುಂದೆ ಹೇಳಬಹುದಾ ಎಂದು ಕೇಳಿದೆ, ಹೂಂ ಎಂದಳು. 'ಹಲೋ ಎಂದವರು, ಗೊರಕೆ ಹೊಡೆದವರು' ಎಂದು ನಾನು ಎತ್ತಿಕೊಟ್ಟೆ. 'ಫೋನು ಇಡದೆ ಕೇಳ್ತಾ ಕೂತವಳ ಮನೆದೇವರು' ಎಂದು ಅವಳೇ ಮುಗಿಸಿ, ಹೆಸರು ಹೇಳಿ, ಸೇರು ಒದ್ದು ಒಳಗೆ ಬಂದಳು.

ನಾದಿನಿ ಫೋಟೋಗಳನ್ನೆಲ್ಲ ಅಳಿಸಿದ್ದಾಳೆ. ಎಐ ಕೂಡ ಕ್ಷಮೆ ಕೇಳಿತಂತೆ. ಅದರ ಹೊಟ್ಟೆಯೊಳಗೆ ಏನುಳಿದಿದೆಯೋ ನಂಜುಂಡಪ್ಪನೇ ಬಲ್ಲ.

ಎದುರು ಮನೆಯವಳು ಎರಡು ವಾರ ನಮ್ಮ ಮನೆಗೆ ಬರಲಿಲ್ಲ. ಹಾಲಿನವನ ಹತ್ತಿರ ಸಿಕ್ಕರೂ ಬರೀ ತಲೆಯಾಡಿಸುತ್ತಿದ್ದಳು. ಅವಳದು ತಪ್ಪೆನ್ನಲಾರೆ. ಮೂರನೆಯ ಸೋಮವಾರ ಅತ್ತೆಯ ಕೈ ಹಿಡಿದುಕೊಂಡು ಬಂದಳು.

"ನಮ್ ಕಾಲ್ದಲ್ಲಿ ನನ್ನ ಯಾರೂ ಕೇಳ್ನೇ ಇಲ್ಲ" ಎಂದರು ಮುದುಕಿ, ಸ್ಟೂಲಿನ ಮೇಲೆ ಕೂತು. "ನಂದೂ ಒಂದ್ ಬರಿ ಮಗ."

ತೀರಿಹೋದ ಗಂಡನ ಬಗ್ಗೆ ಮೂರು ಮಾತು ಹೇಳಿದರು. ಮೂರನೆಯದಕ್ಕೆ ನನ್ನ ಮೂಗಿನಿಂದ ಕಾಫಿ ಬಂತು. ಸೊಸೆ ಗೋಡೆ ಹಿಡಿದುಕೊಂಡು ನಗುತ್ತಾ, ಪೆನ್ಸಿಲ್ ತೆಗೆದು ತಾನೇ ನನ್ನ ಕೈಗಿಟ್ಟಳು. "ಎಡಗಡೆ ಬರೀರಿ ಅಕ್ಕ."

ಈಗ ಬುಕ್ಕು ಫ್ರಿಜ್ಜಿನ ಮೇಲಿಲ್ಲ. ಬಲಗಡೆಯದು ಬೇಕಾದವರು ಬನ್ನಿ, ಕೂತು ಬರೆದುಕೊಂಡು ಹೋಗಿ. ಪೆನ್ನು ನೀವೇ ತನ್ನಿ, ನಮ್ಮ ಮನೆಯದು ಇಂಕು ಕಾರುತ್ತದೆ.