ಕೆಂಪು ಕಾರೂ ನನ್ನ ಸೊಂಟನೋವೂ

ನನಗೆ ಸೊಂಟನೋವು ಇರಲೇ ಇಲ್ಲ. ಅಂದೂ ಇಲ್ಲ, ಇಂದೂ ಇಲ್ಲ. ನಿಮ್ಮ ಕೆಂಪು ಕಾರನ್ನು ಮಾರಿಸಲು ನಿಮ್ಮ ಹೆಂಡತಿಯಾದ ನಾನು ಹೇಳಿದ ಸುಳ್ಳು ಅದು — ಇಷ್ಟು ವರ್ಷ ಬಚ್ಚಿಟ್ಟುಕೊಂಡದ್ದು.

ಆ ಕಾರಿನ ಮೇಲೆ ನಿಮಗಿದ್ದ ಪ್ರೀತಿ ಬೆಟಗೇರಿಯ ನಮ್ಮ ಓಣಿಗೆಲ್ಲ ಗೊತ್ತಿತ್ತು. ನನ್ನ ಸೆರಗು ಬಾಗಿಲಿಗೆ ಸಿಕ್ಕರೆ "ಬಣ್ಣಕ್ಕ ಗೀರು ಬಿದ್ದಾತು" ಎಂದವರು ನೀವು! ನೋಡಲು ಗಿಡ್ಡ, ಸಂಸಾರದ ಕಾರು; ಕಾಲು ಒತ್ತಿದರೆ ರೇಸಿನ ಕುದುರೆ. ಹಿಂದಿನ ಸೀಟು ಮಡಚಿ ಯಳವತ್ತಿಯ ರೈತರ ಪಂಪುಗಳನ್ನು ರಿಪೇರಿಗೆಂದು ನಿಮ್ಮ ಅಂಗಡಿಗೆ ತರುತ್ತಿದ್ದಿರಿ. ಭಾನುವಾರ ಅದೇ ಸೀಟಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಊರು ದಾಟಿ ಗೇರು ಬದಲಿಸಿದಾಗ ನಿಮ್ಮ ಮುಖದಲ್ಲೊಂದು ನಗು ಬರುತ್ತಿತ್ತು — ಮದುವೆಯ ಫೋಟೋದಲ್ಲೂ ಇಲ್ಲದ ನಗು. ನನಗೂ ಆ ಸ್ಟೇರಿಂಗ್ ಬೇಕಿತ್ತು. ಅಪ್ಪನ ಟ್ರ್ಯಾಕ್ಟರ್ ಓಡಿಸಿ ಬೆಳೆದವಳು ನಾನು.

ಎಳ್ಳ ಅಮಾವಾಸ್ಯೆಗೆ ಅಡರಕಟ್ಟಿಯ ನನ್ನ ತವರಿನ ಹೊಲದಲ್ಲಿ ಭೂತಾಯಿಗೆ ಎಡೆಯ ಚರಗ ಚೆಲ್ಲಿ, ಎಲ್ಲರೂ ಕೂಡಿ ಉಂಡಿದ್ದೆವು. ರೊಟ್ಟಿ ಕಡುಬಿನ ಖಾಲಿ ಬುಟ್ಟಿಗಳನ್ನು ಕಾರಿಗೆ ಹಾಕುತ್ತ ಕೇಳಿದೆ, "ದಾರ್‍ಯಾಗಿನ ಮಾಗಡಿ ಕೆರಿ ತನಕ ನಾ ಹೊಡೀಲೇನ್ರಿ?"

ನನ್ನ ಅಣ್ಣಂದಿರ ಎದುರೇ ನಕ್ಕಿರಿ. "ಇದು ನಿಮ್ಮಪ್ಪನ ಟ್ರ್ಯಾಕ್ಟರ್ ಅಲ್ಲ ಬಿಡು. ನಿನ್ನ ಕೈಗೆ ಸಿಗೂ ಗಾಡಿ ಅಲ್ಲ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಒಳಗೆ ಮಾತ್ರ ದಾರಿಯುದ್ದಕ್ಕೂ ಕುದಿಯುತ್ತಿದ್ದೆ. ನನಗಿಲ್ಲದ್ದು ನಿಮಗೂ ಬೇಡ — ಇಷ್ಟೇ ಸಣ್ಣ ಬುದ್ಧಿ, ಬೇರೇನೂ ಅಲ್ಲ. ಮನೆ ಮುಂದೆ ಇಳಿಯುವಾಗ ಸೊಂಟ ಹಿಡಿದುಕೊಂಡೆ.

"ಈ ಗಾಡಿ ಕುಲುಕಾಟಕ್ಕ ನಡಾ ಮುರದಂಗ ಆಗೇತ್ರಿ. ಇನ್ನ ಇದರಾಗ ಕುಂಡ್ರಾಕ ಆಗಂಗಿಲ್ಲ."

ನೀವು ಜಗಳವಾಡುತ್ತೀರಿ ಎಂದುಕೊಂಡಿದ್ದೆ. ಆಡಲಿಲ್ಲ. ಮುಂದಿನ ಅಮಾವಾಸ್ಯೆಯ ಹೊತ್ತಿಗೆ ಕಾರು ಮುಂಡರಗಿಯವರೊಬ್ಬರ ಪಾಲಾಯಿತು. ಕೀಲಿಕೈ ಕೊಡುವ ಮುನ್ನ ಬಾನೆಟ್ಟಿನ ಮೇಲೊಮ್ಮೆ ಕೈಯಾಡಿಸಿದಿರಿ. ಕಿಟಕಿಯಿಂದ ನೋಡುತ್ತಿದ್ದೆ. ಆಗಲೇ ಓಡಿ ಬಂದು ಹೇಳಬೇಕಿತ್ತು... ಹೇಳಲಿಲ್ಲ.

ಆಮೇಲೆ ಬಂದದ್ದು ಗೇರಿನ ಗೋಜಿಲ್ಲದ, ಮೆತ್ತನೆಯ ದೊಡ್ಡ ಕಾರು. ಅದನ್ನು ನನ್ನ ಕೈಗೇ ಕೊಟ್ಟಿರಿ. ಈಗ ನಾನೇ ಓಡಿಸುತ್ತೇನೆ. ನೀವು ಪಕ್ಕದಲ್ಲಿ ಕೂತು ಫೋನು ನೋಡುತ್ತೀರಿ. ಕೇಳಿದ್ದು ಸಿಕ್ಕಿತು — ಆ ನಗು ಹೋಯಿತು. ಅದನ್ನು ಇನ್ನೊಮ್ಮೆ ಕಾಣಲು ಜೀವ ಹಂಬಲಿಸುತ್ತದೆ. ದಾರಿಯಲ್ಲಿ ಅಂಥ ಎಂಜಿನ್ನಿನ ಸದ್ದು ಕೇಳಿದರೆ ಸಾಕು, ನಿಮ್ಮ ಮುಖ ನೋಡುತ್ತೇನೆ.

ಮೊನ್ನೆ ಶಿರಹಟ್ಟಿ ದಾಟಿದ ಮೇಲೆ ಅಂಥದೇ ಕೆಂಪು ಕಾರೊಂದು ನಮ್ಮನ್ನು ಹಿಂದೆ ಹಾಕಿ ಹೋಯಿತು. ಅದು ಮರೆಯಾಗುವವರೆಗೆ ನೋಡಿದಿರಿ. "ನಮ್ಮ ಗಾಡಿ ಕೊಡಬಾರದಿತ್ತರಿ" ಎಂದೆ.

"ಹೋಗ್ಲಿ ಬಿಡು. ನಿನ್ನ ನಡಾ ನೆಟ್ಟಗಾತಲ್ಲ, ನನಗಷ್ಟ ಸಾಕು."

ಇವತ್ತು ನೀವು ಅಂಗಡಿಯಿಂದ ಬಂದ ಮೇಲೆ ಇದನ್ನೆಲ್ಲ ಎದುರಿಗೇ ಹೇಳುತ್ತೇನೆ. ಬೈಯಿರಿ, ಮಾತು ಬಿಡಿ — ಯಾವುದಕ್ಕೂ ಇಲ್ಲವೆನ್ನುವುದಿಲ್ಲ. ಆದರೆ ಇನ್ನು ಮೇಲೆ, ಪ್ರತಿ ಸಲದಂತೆ, ಕಾರು ಹತ್ತುವ ಮುನ್ನ ನನ್ನ ಸೊಂಟ ಹೇಗಿದೆ ಎಂದು ಮಾತ್ರ ಕೇಳಬೇಡಿ.