ಶ್ರದ್ಧಾಂಜಲಿ ಪಡೆದ ಸರ್‌ಗೆ ಆಮಂತ್ರಣ

ಇಂಡಿಯಿಂದ ಸಿಂದಗಿಗೆ ಹೋಗುವ ಬಸ್ಸು ಹೊರಟಾಗ ಬೆಳಗಿನ ಚಳಿ ಇನ್ನೂ ಬಿಟ್ಟಿರಲಿಲ್ಲ. ಕಿಟಕಿಯ ಪಕ್ಕ ನಾನು ಕುಳಿತಿದ್ದೆ. ಮುಂದಿನ ಸೀಟಿನಲ್ಲಿ ಕಿವಿ ಮುಚ್ಚುವಂತೆ ಮಫ್ಲರ್ ಸುತ್ತಿಕೊಂಡು ನನ್ನ ಸಹಪಾಠಿ ಚನಬಸು ಕುಳಿತಿದ್ದ. ಅವನ ತೊಡೆಯ ಮೇಲಿನ ಚೀಲದಲ್ಲಿ ಒಂದು ತೆಂಗಿನಕಾಯಿ, ಒಂದು ಶಾಲು ಮತ್ತು ನಮ್ಮ ಹೈಸ್ಕೂಲಿನ ಹಳೆಯ ವಿದ್ಯಾರ್ಥಿಗಳ ಸಂಘದ ಆಮಂತ್ರಣ ಪತ್ರಿಕೆ ಇದ್ದವು. ಕಂಡಕ್ಟರ್ ನನ್ನ ಆಧಾರ್ ಕಾರ್ಡು ನೋಡಿ ಹೆಂಗಸರ ಪುಕ್ಕಟೆ ಟಿಕೆಟ್ ಕೊಟ್ಟರು. ಚನಬಸು ಜೇಬಿಗೆ ಕೈಹಾಕುತ್ತ ನನ್ನ ಕಡೆ ತಿರುಗಿದ.

"ನಿಮ್ಮದ ಚಲೋ ಐತಿ ನೋಡವಾ. ರೊಕ್ಕಾನೂ ನಾನ ಕೊಡಬೇಕು, ಬೈಸ್ಕೊಳ್ಳೂದೂ ನಾನ."

ಬೈಸಿಕೊಳ್ಳುವ ಕೆಲಸವನ್ನೇ ಅವನು ಮಾಡಿದ್ದ. ನಾವು ಹೊರಟದ್ದು ಮುದ್ದೇಬಿಹಾಳಕ್ಕೆ, ನಮ್ಮ ಗಣಿತದ ದೇಸಾಯಿ ಸರ್ ಅವರನ್ನು ಈ ವರ್ಷದ ಸ್ನೇಹ ಸಮ್ಮೇಳನಕ್ಕೆ ಕರೆಯಲು. ಕಳೆದ ವರ್ಷದ ಸಮ್ಮೇಳನದಲ್ಲಿ ಅದೇ ದೇಸಾಯಿ ಸರ್ ಅವರ ಫೋಟೊಕ್ಕೆ ಹಾರ ಹಾಕಿ, ಎಲ್ಲರೂ ಎದ್ದು ನಿಂತು, ಮೌನ ಆಚರಿಸಿದ್ದೆವು. ಸರ್ ಮಾತ್ರ ಗಟ್ಟಿಮುಟ್ಟಾಗಿ ಮುದ್ದೇಬಿಹಾಳದಲ್ಲಿ ಓಡಾಡಿಕೊಂಡಿದ್ದರು!

ಇದು ಹೇಗಾಯಿತು ಎಂದು ಕೇಳಿದರೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯದು. ಶಿಕ್ಷಕರ ದಿನದಂದು ನಮ್ಮ ಹತ್ತನೇ ತರಗತಿಯವರ ವಾಟ್ಸಾಪ್ ಗುಂಪಿನಲ್ಲಿ ಯಾರೋ ಸರ್ ಅವರ ಹಳೆಯ ಕಪ್ಪು-ಬಿಳುಪು ಫೋಟೊ ಹಾಕಿ, ಕೆಳಗೆ ಕೈಮುಗಿದ ಚಿಹ್ನೆ ಇಟ್ಟರು. ಒಂದು ಅಕ್ಷರವನ್ನೂ ಬರೆದಿರಲಿಲ್ಲ. ಅದನ್ನು ನೋಡಿದ ಇನ್ನೊಬ್ಬರು ‘ಓಂ ಶಾಂತಿ’ ಎಂದರು. ಅಲ್ಲಿಗೆ ಮುಗಿಯಿತು. ಮಧ್ಯಾಹ್ನದ ಊಟದ ಹೊತ್ತಿಗೆ ಗುಂಪಿನ ತುಂಬ ಓಂ ಶಾಂತಿ, ತುಂಬಲಾರದ ನಷ್ಟ, ದೇವರು ಕುಟುಂಬದವರಿಗೆ ದುಃಖ ಭರಿಸುವ ಶಕ್ತಿ ಕೊಡಲಿ. ಒಬ್ಬಳು ‘ಏನಾಗಿತ್ತು’ ಎಂದು ಕೇಳಿದ್ದಕ್ಕೆ, ‘ವಯಸ್ಸಾಗಿತ್ತು’ ಎಂದು ಒಬ್ಬ ಪುಣ್ಯಾತ್ಮ ಉತ್ತರವನ್ನೂ ಕೊಟ್ಟಿದ್ದ. ಫೋನು ಮಾಡಿ ವಿಚಾರಿಸಬೇಕೆಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಚನಬಸು ಸಂಘದ ಕಾರ್ಯದರ್ಶಿ. ಇಂಡಿಯಲ್ಲಿ ಗೊಬ್ಬರ, ಬೀಜದ ಅಂಗಡಿ ಇಟ್ಟಿದ್ದಾನೆ. ಏನೇ ಮಾಡಿದರೂ ದೊಡ್ಡದಾಗಿ ಮಾಡುವವನು. ಸರ್ ಅವರ ಫೋಟೊಕ್ಕೆ ಹಾರ ಹಾಕಿದ ಫ್ಲೆಕ್ಸ್ ಮಾಡಿಸಿ ಸಾಲಿಯ ಮುಂದೆ ಕಟ್ಟಿಸಿದ್ದಲ್ಲದೆ ಝಳಕಿಯ ಹೆದ್ದಾರಿಯ ಕೂಡು ರಸ್ತೆಯಲ್ಲೂ ಒಂದನ್ನು ಕಟ್ಟಿಸಿದ್ದ. ಅವನ ಸಂಕಟವೂ ಸುಳ್ಳಲ್ಲ. ಗಣಿತದಲ್ಲಿ ಮತ್ತೆ ಮತ್ತೆ ಮುಗ್ಗರಿಸುತ್ತಿದ್ದ ಅವನನ್ನು ಪರೀಕ್ಷೆಯ ವರ್ಷ ಸರ್ ತಮ್ಮ ಮನೆಯಲ್ಲೇ ಇಟ್ಟುಕೊಂಡು ಓದಿಸಿದ್ದರು. ಅಮ್ಮ, ಅಂದರೆ ಸರ್ ಅವರ ಹೆಂಡತಿ, ಬಡಿಸಿದ ರೊಟ್ಟಿ ತಿಂದೇ ಅವನು ಪಾಸಾದದ್ದು. ಈಗ ಆ ಮನೆಯ ಹೊಸ್ತಿಲು ತುಳಿಯಲು ಅವನಿಗೆ ಮುಖವಿರಲಿಲ್ಲ. ನಾನು ಕೆಲಸ ಮಾಡುವ ಅಂಚೆ ಕಚೇರಿಗೆ ರಜೆ ಹಾಕಿಸಿ ನನ್ನನ್ನು ಜೊತೆಗೆ ಎಳೆದುಕೊಂಡು ಬಂದಿದ್ದ. ನಾನು ಬಂದದ್ದು ಸ್ನೇಹಕ್ಕಿಂತ ಹೆಚ್ಚಾಗಿ ಕುತೂಹಲಕ್ಕೆ. ಬದುಕಿದ್ದಾಗಲೇ ಶ್ರದ್ಧಾಂಜಲಿ ಪಡೆದ ಮನುಷ್ಯ ಏನು ಮಾತಾಡುತ್ತಾನೆ ಎಂದು ನೋಡುವ ಅವಕಾಶ ಎಲ್ಲರಿಗೂ ಸಿಗುವುದಿಲ್ಲ.

ದಾರಿಯುದ್ದಕ್ಕೂ ಎಡಬಲಕ್ಕೆ ಕಬ್ಬು, ನಡುನಡುವೆ ಕೊಯ್ಲಿಗೆ ಬಂದ ತೊಗರಿ. ಕಬ್ಬು ಹೇರಿದ ಟ್ರ್ಯಾಕ್ಟರುಗಳ ಹಿಂದೆ ನಮ್ಮ ಬಸ್ಸು ತೆವಳಿದ್ದರಿಂದ ಸಿಂದಗಿ ಮುಟ್ಟುವುದು ತಡವಾಯಿತು. ಅಲ್ಲಿ ಪ್ರಾಥಮಿಕ ಶಾಲೆಯ ಮುಖ್ಯ ಗುರುಮಾತೆಯಾಗಿರುವ ನಮ್ಮ ಕಸ್ತೂರಿ ಬಸ್ ನಿಲ್ದಾಣಕ್ಕೇ ಬಂದಿದ್ದಳು. ಸರ್ ಬದುಕಿರುವ ಸುದ್ದಿ ತಂದವಳು ಅವಳೇ. ಹೋಟೆಲಿನಲ್ಲಿ ಬಿಸಿ ಭಜಿ, ಚುರಮುರಿ ಎದುರಿಗಿಟ್ಟುಕೊಂಡು ನಾನು ಅವಳ ಬಾಯಿಂದಲೇ ಕೇಳಿದೆ.

"ಮುದ್ದೇಬಿಹಾಳಕ್ಕ ಮದುವಿಗಿ ಹೋಗಿದ್ನೆಲ್ಲ. ಕಾಯಿಪಲ್ಲೆ ಬಜಾರದಾಗ ಸರ್ ಬದನಿಕಾಯಿ ಆರಸಾಕತ್ತಾರ! ನನ್ನ ಜೀವ ಧಸಕ್ಕಂತ. ಮೊದಲ ಅವರ ಪಾದ ನೋಡ್ದೆ. ಹಿಂದಮುಂದ ಇಲ್ಲ ಅಂತ ಖಾತ್ರಿ ಆದಮ್ಯಾಲ ಕಾಲಿಗೆ ಬಿದ್ದೆ."

ನಾನು ನಕ್ಕು ನಕ್ಕು ಚಹಾ ಚೆಲ್ಲಿದೆ. ಚನಬಸು ನಗಲಿಲ್ಲ. "ಸರ್ ಸಿಟ್ಟಿಗೆದ್ದಾರೇನು?" ಎಂದ.

"ಸರ್ ನಗ್ತಾರ ಬಿಡು," ಎಂದಳು ಕಸ್ತೂರಿ. ಆಮೇಲೆ ಅವಳ ಮುಖ ಸಣ್ಣದಾಯಿತು. "ತ್ರಾಸ ಇರೂದು ಅಮ್ಮಾರದು. ಅವರ ತವರಮನಿ ಝಳಕಿ ಅನ್ನೂದು ನಿನಗ ಗೊತ್ತಿತ್ತಿಲ್ಲೋ? ನೀ ಕಟ್ಟಿದ ಫ್ಲೆಕ್ಸ್ ಅವರ ತಮ್ಮ ನೋಡ್ಯಾನ. ಮಂದಿನ್ನ ಕರಕೊಂಡು, ಗಾಡಿ ಮಾಡ್ಕೊಂಡು, ಅಳಕೋತ ಮುದ್ದೇಬಿಹಾಳಕ್ಕ ಹೋಗ್ಯಾನ. ಗಂಡ ಸತ್ತ ಹೆಣ್ಮಗಳಿಗೆ ತವರಿನವರು ಒಯ್ಯೂ ಸೀರಿ ಇರತೈತಲ್ಲ, ಅದನ್ನೂ ತಗೊಂಡು. ಅಮ್ಮಾರು ಬಾಗಲಾ ತಗದ್ರ ಎದುರಿಗೆ ಅದು."

ಚನಬಸು ಭಜಿಯ ತಟ್ಟೆಯನ್ನು ಅತ್ತ ಸರಿಸಿದ. ಮುಂದೆ ಅವನು ಏನನ್ನೂ ತಿನ್ನಲಿಲ್ಲ.

ಕಸ್ತೂರಿಯನ್ನು ಬೀಳ್ಕೊಟ್ಟು ನಾವಿಬ್ಬರು ಸಿಂದಗಿಯಿಂದ ಮುದ್ದೇಬಿಹಾಳಕ್ಕೆ ತಾಳಿಕೋಟಿ ಮೇಲೆ ಹೋದೆವು. ಮಧ್ಯಾಹ್ನದ ಬಿಸಿಲು ಚುರುಗುಟ್ಟುತ್ತಿತ್ತು. ಕಪ್ಪು ಮಣ್ಣಿನ ಹೊಲಗಳಲ್ಲಿ ಜೋಳ ಎದೆಯೆತ್ತರ ನಿಂತಿತ್ತು, ಹೆಂಗಸರು ಹತ್ತಿ ಬಿಡಿಸುತ್ತಿದ್ದರು. ಮುದ್ದೇಬಿಹಾಳದಲ್ಲಿ ಇಳಿದು ಆಟೊ ಹಿಡಿದು, ಎಪಿಎಂಸಿ ದಾಟಿ, ಸರ್ ಅವರ ಓಣಿಯನ್ನು ಕೇಳಿಕೊಂಡು ಹೋದೆವು.

ಸರ್ ಕಟ್ಟೆಯ ಮೇಲೆ ಪೇಪರು ಓದುತ್ತ ಕುಳಿತಿದ್ದರು. ಕನ್ನಡಕದ ಮೇಲಿಂದ ನೋಡಿದರು. ಅದೇ ನೋಟ. ನಾನು ಐವತ್ತು ದಾಟಿದವಳು, ಆದರೂ ಪ್ರಮೇಯ ಒಪ್ಪಿಸಬೇಕೇನೋ ಎಂಬಂತೆ ಕೈಕಟ್ಟಿ ನಿಂತೆ.

"ಬರ್ರಿ ಬರ್ರಿ. ನನ್ನ ಮಣ್ಣಿಗೆ ಬರಲಿಲ್ಲ, ಈಗರ ಬಂದ್ರೆಲ್ಲ," ಎಂದರು.

ನಾವಿಬ್ಬರೂ ಕಾಲಿಗೆ ಬಿದ್ದೆವು. ಸರ್‌ಗೆ ನಮಗಿಂತ ಹೆಚ್ಚಿನ ಕುತೂಹಲ. ಯಾರ‍್ಯಾರು ಬಂದಿದ್ದರು, ಯಾರು ಅತ್ತರು, ಯಾರು ಬರೀ ಊಟಕ್ಕೆ ಬಂದಿದ್ದರು ಎಂದು ಒಂದೊಂದನ್ನೂ ಕೆದಕಿ ಕೇಳಿದರು.

"ನೀ ಏನ ಭಾಷಣ ಮಾಡ್ದಿ ಲೇ ಚನಬಸು?"

"ಸಿಂಹದಂಥಾ ಗುರುಗಳು ಅಂದೇನ್ರಿ."

"ಅದನ್ನ ನನ್ನ ಎದುರಿಗೆ ಒಂದ ಸಲ ಅನ್ನಾಕ ಏನಾಗಿತ್ತು ನಿನಗ? ಮತ್ತ, ಎರಡ ಮಿನೀಟ ಎಲ್ಲಾರೂ ಸುಮ್ಮ ನಿಂತಿದ್ರಂತ, ಖರೇನ?"

"ಹೌದ್ರಿ ಸರ್."

"ನಾ ವರ್ಗದಾಗ ಇದ್ದಾಗ ಒಂದ ದಿವಸರ ಹಂಗ ಸುಮ್ಮ ಕುಂತೀರೇನು?"

ನನಗೆ ನಗು ತಡೆಯಲಾಗಲಿಲ್ಲ. ಆ ಫ್ಲೆಕ್ಸ್ ಈಗ ಎಲ್ಲಿದೆ ಎಂದು ಕೇಳಿದರು. ಚನಬಸು ತಲೆ ತಗ್ಗಿಸಿ, ಮಳೆ ಬೀಳಬಾರದೆಂದು ಹೊಲದ ಕಣಿಕೆ ಬಣವೆಗೆ ಹೊದಿಸಿದ್ದೇನೆ ಎಂದ. ಸರ್ ತೊಡೆ ತಟ್ಟಿ ನಕ್ಕರು. "ಅಂದ್ರ ಸತ್ತಮ್ಯಾಲೂ ನಿನ್ನ ದನಕ್ಕ ಮೇವ ಕಾಯಾಕತ್ತೇನಿ ಅನ್ನು!"

ಇಷ್ಟು ನಡೆದರೂ ಒಳಗಿನಿಂದ ನೀರು ಬರಲಿಲ್ಲ. ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ನೀರಿನ ತಂಬಿಗೆ ಬರುತ್ತದೆ, ವೈರಿ ಬಂದರೂ ಬರುತ್ತದೆ. ಸರ್ ಒಂದೆರಡು ಸಲ ಒಳಗೆ ನೋಡಿದರು. ಚನಬಸು ಆಮಂತ್ರಣ ಪತ್ರಿಕೆ ತೆಗೆದು ಸರ್ ಅವರ ಕೈಗಿಡುವಾಗ ಬಾಗಿಲಲ್ಲಿ ಅಮ್ಮ ಬಂದು ನಿಂತರು. ಹಣೆಯ ಮೇಲೆ ದೊಡ್ಡ ಕುಂಕುಮ, ಕೈತುಂಬ ಹಸಿರು ಬಳೆ.

"ಇದನ್ನ ನೋಡು ತಂಗಿ," ಎಂದು ನನಗೇ ಹೇಳಿದರು, ಹಣೆಗೆ ಬೆರಳು ಮುಟ್ಟಿಸಿ. "ನಾ ಇದನ್ನ ಇಟ್ಕೊಂಡು ಕುಂತಿದ್ದೆ. ನಮ್ಮ ತಮ್ಮ ಸೀರಿ ಹಿಡ್ಕೊಂಡು ಬಾಗಿಲದಾಗ ನಿಂತು ಬೋರಾಡಿ ಅತ್ತ. ಓಣಿ ಮಂದಿ ಎಲ್ಲಾ ಕೂಡಿತ್ತು. ಇವರು ಸ್ನಾನಾ ಮಾಡಾಕತ್ತಿದ್ರು, ಬಚ್ಚಲದಾಗಿಂದ ಇವರ ದನಿ ಕೇಳೂತನಾ ನನ್ನ ಕೈಕಾಲಾಗ ಜೀವಾ ಇರಲಿಲ್ಲ. ಯಾವ ಕೈ ನನ್ನ ಕಡಿಂದ ರೊಟ್ಟಿ ಇಸ್ಕೊಂಡು ತಿಂದಿತ್ತೋ, ಅದ ಕೈ ಇವರ ಫೋಟೋಕ್ಕ ಹಾರಾ ಹಾಕೇತಿ. ಇವರು ಎಲ್ಲಿಗೂ ಬರೂದಿಲ್ಲ."

ಚನಬಸು "ಅಮ್ಮಾರ" ಎಂದ. ಅವರು ಒಳಗೆ ಹೋಗಿಬಿಟ್ಟರು. ಸರ್ ನಮ್ಮನ್ನು ಗೇಟಿನವರೆಗೆ ಕಳಿಸಿ, "ಆಕಿ ಒಲ್ಲೆ ಅಂದ್ರ ನಾನೂ ಒಲ್ಲೆ. ಆಕಿದು ಖರೇ ಐತಿ," ಎಂದರು. ಆಗ ಮಾತ್ರ ಅವರ ಮುಖದಲ್ಲಿ ನಗು ಇರಲಿಲ್ಲ.

ಸಂಜೆಯ ಬಸ್ಸಿಗೆ ಬಸವನ ಬಾಗೇವಾಡಿಗೆ ಬಂದು ನನ್ನ ತಂಗಿಯ ಮನೆಯಲ್ಲಿ ಉಳಿದೆವು. ಬಿಸಿ ರೊಟ್ಟಿ, ಎಣ್ಣೆಗಾಯಿ ಬದನೆಕಾಯಿ, ಶೇಂಗಾ ಹಿಂಡಿ, ಕೆನೆ ಮೊಸರು. ನಾನು ಹೊಟ್ಟೆ ತುಂಬ ಉಂಡೆ. ಸುಳ್ಳೇಕೆ ಹೇಳಲಿ, ದುಃಖವಿದ್ದಾಗ ನನಗೆ ಹಸಿವೆ ಹೆಚ್ಚು. ಚನಬಸು ರೊಟ್ಟಿ ಮುರಿದು ಕುಳಿತೇ ಇದ್ದ. ತಂಗಿಯ ಅತ್ತೆ ಜಾಣ ಹೆಂಗಸು. ಎಲ್ಲವನ್ನೂ ಕೇಳಿಸಿಕೊಂಡು, ಎಲೆಗೆ ಸುಣ್ಣ ಹಚ್ಚುತ್ತ ಒಂದೇ ಪ್ರಶ್ನೆ ಕೇಳಿದರು.

"ಕರಿಯಾಕ ಹೋಗಿದ್ರಲ್ಲ, ಯಾರನ್ನ ಕರದ್ರಿ?"

"ಸರ್‌ನ ಕರದ್ವಿ."

"ಆಕಿನ್ನ?"

ಪತ್ರಿಕೆಯ ಮೇಲೆ ಸರ್ ಹೆಸರೊಂದೇ ಇತ್ತು. ಶಾಲೂ ಒಂದೇ.

"ಮನಿ ಮುತ್ತೈದಿಗೆ ಕುಂಕುಮ ಹಚ್ಚಲಾರದ ಕರದ್ರ ಅದು ಕರದಂಗೇನ? ಹೆಣ್ಮಗಳು ಜೋಡಿ ಇದ್ದೂ ನಿನಗರ ತಿಳೀಬಾರದ ಶೈಲಾ?"

ನನಗೆ ನಾಚಿಕೆಯಾಯಿತು. ಮದುವೆ, ಸೀಮಂತ, ಮನೆ ಶಾಂತಿ, ಯಾವುದಕ್ಕಾದರೂ ಮೊದಲು ಕುಂಕುಮದ ಬಟ್ಟಲು ಹಿಡಿದು ಹೋಗುವವಳು ನಾನು. ಸಾಲಿಯ ಕೆಲಸವೆಂದ ಕೂಡಲೇ ಅದೆಲ್ಲ ಮರೆತು ಪತ್ರಿಕೆ ಹಿಡಿದು ಹೊರಟಿದ್ದೆ.

ಬೆಳಿಗ್ಗೆ ಬಾಗೇವಾಡಿಯ ಬಜಾರು ತೆರೆಯುತ್ತಲೇ ಹಸಿರು ಖಣ, ಅಕ್ಕಿ, ಉತ್ತತ್ತಿ, ಅರಿಷಿಣ ಕೊಂಬು, ಎಲೆ, ಅಡಿಕೆ ತೆಗೆದುಕೊಂಡೆ. ತೆಂಗಿನಕಾಯಿ ಚನಬಸುವಿನ ಚೀಲದಲ್ಲೇ ಇತ್ತು. ಮತ್ತೆ ಮುದ್ದೇಬಿಹಾಳದ ಬಸ್ಸು ಹತ್ತಿದೆವು. ಕಂಡಕ್ಟರ್ ನಿನ್ನೆ ಸಂಜೆಯ ಬಸ್ಸಿನವರೇ. "ಏನ್ರಿ ಅಕ್ಕಾರ, ಏನರ ಮರತ ಬಂದಿದ್ರೇನು?" ಎಂದರು. ಹೌದು ಎಂದೆ.

ಅಮ್ಮ ಅಂಗಳದಲ್ಲಿ ಮೊರ ಹಿಡಿದು ತೊಗರಿ ಹಸನು ಮಾಡುತ್ತಿದ್ದರು. ಚನಬಸು ಗೇಟಿನ ಹೊರಗೇ ನಿಂತ. ನಾನು ಹೋಗಿ ಅವರ ಎದುರು ಕುಳಿತೆ.

"ಅಮ್ಮಾರ, ಇವತ್ತ ಸರ್‌ನ ಕರಿಯಾಕ ಬಂದಿಲ್ರಿ. ನಿಮ್ಮನ್ನ ಕರಿಯಾಕ ಬಂದೇನಿ."

ಮೊರ ನಿಂತಿತು. "ಯಾರು ಹೇಳಿಕೊಟ್ರು ಇದನ್ನ?"

"ನಮ್ಮ ತಂಗಿ ಅತ್ತಿ."

ಅಮ್ಮ ನಕ್ಕರು. "ನಿಮ್ಮ ತಲ್ಯಾಗ ಹೊಳದಿಲ್ಲ ಅನ್ನೂದು ನನಗ ಗೊತ್ತಿತ್ತು ಬಿಡು," ಎಂದು ಕೈ ಝಾಡಿಸಿಕೊಂಡು ಎದ್ದು, ಮುಖ ತೊಳೆದು ಬಂದು ಮಣೆಯ ಮೇಲೆ ಕುಳಿತರು. ನಾನು ಅರಿಷಿಣ ಕುಂಕುಮ ಹಚ್ಚಿ ಉಡಿ ತುಂಬಿದೆ. ಅವರ ಕಣ್ಣು ತುಂಬಿ ಬಂತು. "ಇವರು ಊರೂರಿಗೆ ಸತ್ಕಾರಕ್ಕ ಹೋಗ್ಯಾರ. ನನ್ನ ಯಾರೂ ಕರದಿದ್ದಿಲ್ಲ ತಂಗಿ," ಎಂದರು. ಆಮೇಲೆ ಒಳಗಿನಿಂದ ನೀರು ಬಂತು, ಚಹಾ ಬಂತು. ಗೇಟಿನ ಕಡೆ ನೋಡದೆಯೇ, "ಅವಂಗೂ ಒಯ್ದು ಕೊಡು" ಎಂದರು. ಅವನೊಡನೆ ಮಾತ್ರ ಒಂದು ಮಾತನ್ನೂ ಆಡಲಿಲ್ಲ.

ಸಮ್ಮೇಳನ ಮರುದಿನವೇ ಇದ್ದುದರಿಂದ ಮಧ್ಯಾಹ್ನ ನಾಲ್ವರೂ ಹೊರಟೆವು. ಬಾಗೇವಾಡಿ, ವಿಜಯಪುರ ದಾಟಿ ಇಂಡಿಯ ಬಸ್ಸು. ನಾನು ಮತ್ತು ಅಮ್ಮ ಒಂದು ಸೀಟು, ಹಿಂದೆ ಸರ್ ಮತ್ತು ಚನಬಸು. ಅಮ್ಮ ಕಿಟಕಿಯಾಚೆ ನೋಡುತ್ತ ಯಾವ ಊರು, ಯಾವ ಬೆಳೆ, ಈ ಹೊಲಕ್ಕೆ ನೀರೆಲ್ಲಿಂದ ಎಂದು ಕೇಳುತ್ತಲೇ ಇದ್ದರು. ನನಗೆ ಅರ್ಧಕ್ಕೆ ಉತ್ತರ ಗೊತ್ತಿರಲಿಲ್ಲ. ಹಿಂದಿನಿಂದ ಚನಬಸು ತಿಳಿಸಿ ಹೇಳಿದರೂ ಅಮ್ಮ ಕೇಳಿಸಿಕೊಂಡು ಸುಮ್ಮನಿದ್ದರು, ಹ್ಞೂಂ ಅನ್ನಲಿಲ್ಲ.

ಇಂಡಿಯಲ್ಲಿ ನಮ್ಮ ಬ್ಯಾಚಿನವರು ನಿಲ್ದಾಣಕ್ಕೇ ಬಂದು ನಿಂತಿದ್ದರು. ಯಾರೋ ಬುದ್ಧಿವಂತರು ಸೇವಂತಿಗೆಯ ದೊಡ್ಡ ಹಾರ ತಂದಿದ್ದರು. ಸರ್ ಮೆಟ್ಟಿಲಿಳಿದರು, ಅಮ್ಮ ಇಳಿದರು. ಹಾರ ಹಿಡಿದವನು ಅದನ್ನು ಪಕ್ಕದವನಿಗೆ ಕೊಟ್ಟ, ಅವನು ಇನ್ನೊಬ್ಬನಿಗೆ ದಾಟಿಸಿದ. ಕೊನೆಗೆ ಅದು ಕಾರ್ಯದರ್ಶಿಯ ಕೈಗೆ ಬಂತು. ಚನಬಸು ಹಾರ ಹಿಡಿದು ಸರ್ ಅವರ ಎದುರು ನಿಂತವನು ಮುಂದೆ ಸರಿಯಲಿಲ್ಲ. ಹಾರದಿಂದ ಒಂದೆರಡು ಹೂವು ಉದುರಿದವು. ನಾನು ಅಮ್ಮನ ಮುಖವನ್ನೇ ನೋಡುತ್ತಿದ್ದೆ.

ಅಮ್ಮ ಸೆರಗು ಸರಿಮಾಡಿಕೊಂಡು ಅವನ ಹತ್ತಿರ ಬಂದರು.

"ಫೋಟೋಕ್ಕ ಹಾಕಾಕ ಬರ್ತೈತಿ, ಮನಷ್ಯಾಗ ಹಾಕಾಕ ಬರೂದಿಲ್ಲೇನು? ಹಾಕೋ ತಮ್ಮಾ. ನಾ ನಿಂತು ನೋಡ್ತೇನಿ."

ಅವನು ಹಾಕಿದ. ಓರೆಯಾಗಿ ಬಿದ್ದ ಹಾರವನ್ನು ಅಮ್ಮನೇ ಕೈಯಿಟ್ಟು ನೇರ ಮಾಡಿದರು. ಚನಬಸು ಬಸ್ ನಿಲ್ದಾಣದ ನಡುವೆ, ಅಷ್ಟು ಜನರ ಎದುರಿಗೆ, ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತ. ಅಮ್ಮ ಅವನ ಬೆನ್ನ ಮೇಲೆ ಕೈಯಿಟ್ಟರು.

"ಯಾಕ ಅಳ್ತಿ ಹುಚ್ಚಾ? ಇವರು ಇನ್ನೂ ಅದಾರಲ್ಲೋ."