ಹಟವಾ ಒತ್ತಿದ ಸಂಜೆ

ನಾನು ಓದಿದ್ದು ನಾಲ್ಕನೇ ಇಯತ್ತೆಯವರೆಗೆ, ಮಹಾರಾಷ್ಟ್ರದ ಯೆಣೆಗೂರಿನ ಹತ್ತಿರದ ನಮ್ಮೂರಿನ ಕನ್ನಡ ಶಾಲೆಯಲ್ಲಿ. ಆಮೇಲೆ ಹೊಲ. ಅದೇ ಶಾಲೆಯಲ್ಲಿ ಈಗ ನನ್ನ ತಂಗಿ ಶಿಕ್ಷಕಿ. ಅವಳ ಗಂಡನ ಕೆಲಸ ಉದಗೀರದಲ್ಲಿ, ರವಿವಾರ ಬಂದು ಹೋಗುತ್ತಾನೆ. ಅವಳು ನಮ್ಮ ಮನೆಯಲ್ಲೇ ಇರುತ್ತಾಳೆ. ಒಂದೇ ಸೂರಿನ ಕೆಳಗೆ ಇದ್ದೂ ನಾನು ಮಾಡಿದ್ದನ್ನು ಅವಳಿಗೆ ಹೇಳಲು ನನಗೆ ಒಂದು ವರ್ಷ ಹಿಡಿಯಿತು.

ಶಾಲೆಗೆ ಪಠ್ಯಪುಸ್ತಕಗಳು ಬರುತ್ತವೆ. ಮಕ್ಕಳು ಸುಮ್ಮನೆ ಓದಿಕೊಳ್ಳುವಂಥ ಕನ್ನಡ ಕತೆಪುಸ್ತಕ ಹತ್ತಿರದ ಪೇಟೆ ಉಮರ್ಗಾದ ಅಂಗಡಿಗಳಲ್ಲಿ ಸಿಗುವುದಿಲ್ಲ. ತಂಗಿ ಬಸವಕಲ್ಯಾಣದ ಕಡೆಯ ಗೆಳತಿಯೊಬ್ಬಳಿಂದ ಒಂದೊಂದೇ ಪುಸ್ತಕ ಎರವಲು ತರುತ್ತಿದ್ದಳು. ಅಂಗಳದಲ್ಲಿ ಚೆನ್ನಾಗಿ ಬಿಸಿಲಿರುವಾಗ ಪುಟಗಳ ಫೋಟೋ ತೆಗೆದು ಶಾಲೆಯ ಟ್ಯಾಬಿನಲ್ಲಿ ಹಾಕಿ, ಪುಸ್ತಕ ಮರಳಿಸುತ್ತಿದ್ದಳು. ವರ್ಗದಲ್ಲಿ ಟ್ಯಾಬನ್ನು ಟಿವಿಗೆ ಜೋಡಿಸಿದರೆ ಒಂದೇ ಪುಸ್ತಕವನ್ನು ಎಲ್ಲ ಮಕ್ಕಳೂ ಕೂಡಿ ಓದಬಹುದು. ಓದುವ ಮಕ್ಕಳ ದನಿಯನ್ನೂ ಅದರಲ್ಲೇ ತುಂಬಿಡುತ್ತಿದ್ದಳು.

ಒಮ್ಮೆ ನೀರಿನ ಕೊಡ ಕೊಡಲು ಹೋದಾಗ ನಾನು ಬಾಗಿಲಲ್ಲಿ ನಿಂತು ನೋಡಿದ್ದೆ. ಟಿವಿಯಲ್ಲಿ ಒಂದು ಆಡಿನ ಚಿತ್ರವಿತ್ತು. ಮರಾಠಿಯಲ್ಲಿ ಆಡ ಎಂದರೆ ಬಾವಿ.

"ಆಡದಾಗ ಆಡ ಬಿತ್ತು ನೋಡ್ರಿ ಬಾಯಿ," ಎಂದು ಯಾರೋ ಅಂದರು. ನಮ್ಮ ಕಡೆ ಶಿಕ್ಷಕಿಯನ್ನು ಬಾಯಿ ಎನ್ನುತ್ತಾರೆ.

"ಬಿದ್ರ ಮ್ಯಾಲ ಎತ್ತು. ಮುಂದಿನ ಸಾಲು ಓದು," ಎಂದಳು ತಂಗಿ.

ಪುಟ ಸರಿಸುವ ಕೆಲಸ ಮೂರನೇ ಇಯತ್ತೆಯ ಒಬ್ಬ ಹುಡುಗಿಯದು. ಅವಳು ಪ್ರತಿ ಸಲವೂ ಬೆರಳನ್ನು ಫ್ರಾಕಿಗೆ ಒರೆಸಿಕೊಂಡು ಆಮೇಲೆ ಟ್ಯಾಬ್ ಮುಟ್ಟುತ್ತಿದ್ದಳು. ಉಳಿದವರಿಗಿಂತ ಮೊದಲು ಅವಳ ಕಣ್ಣು ಸಾಲಿನ ಕೊನೆ ಮುಟ್ಟಿರುತ್ತಿತ್ತು.

ಟ್ಯಾಬ್ ಸಂಜೆ ನಮ್ಮ ಮನೆಗೆ ಬರುತ್ತಿತ್ತು, ಚಾರ್ಜಿಗೆ. ತಂಗಿ ಕಿರಾಣಿ ತರಲು ಹೋದ ಒಂದು ಸಂಜೆ ನಾನು ಅದನ್ನು ತೆಗೆದುಕೊಂಡು ಕುಳಿತೆ. ನನ್ನ ಫೋನಿನ ಗಾಜು ಒಡೆದಿತ್ತು. ಕುಸ್ತಿಯ ಒಂದು ವಿಡಿಯೋ ಇಳಿಸಿಕೊಂಡು ನೋಡಬೇಕು ಅನಿಸಿತು.

"ಕುಸ್ತಿ ನೋಡಿ ನೋಡಿ ಪೈಲವಾನ ಆಗ್ತಿ ಏನ? ಎಮ್ಮಿಗಿ ಮೇವ ಹಾಕು," ಎಂದಳು ಅವ್ವ ಒಲೆಯ ಮುಂದಿನಿಂದ.

ಜಾಗ ಇಲ್ಲ ಎಂದಿತು ಟ್ಯಾಬ್. ಏನೇನೋ ಒತ್ತಿದೆ. ಒಂದು ಚೌಕ ಬಂದು ಪರದೆಯ ನಡುವೆ ನಿಂತಿತು. ಟ್ಯಾಬಿನ ಭಾಷೆ ಮರಾಠಿ. ಚೌಕದ ಮೇಲಿನ ಸಣ್ಣ ಅಕ್ಷರಗಳನ್ನು ನಾನು ಓದಲಿಲ್ಲ. ಕೆಳಗೆ ಎರಡು ಮಾತು ಇದ್ದವು: ಒಂದು ಕಡೆ 'ರದ್ದ ಕರಾ', ಇನ್ನೊಂದು ಕಡೆ 'ಹಟವಾ'. ರದ್ದು ಎಂದರೆ ನಮಗೆ ಭಯ. ರೇಶನ್ ಕಾರ್ಡು ರದ್ದಾಗುತ್ತದೆ, ಬಸ್ಸು ರದ್ದಾಗುತ್ತದೆ. ತಂಗಿಯ ಸಾಮಾನು ರದ್ದಾಗಬಾರದು ಎಂದು ಅದನ್ನು ಬಿಟ್ಟೆ. ಹಟವಾ ಮಾತ್ರ ದಿನಾಲೂ ಕೇಳುವ ಮಾತು. ನಿಲಂಗಾದ ಬಸ್‌ಸ್ಟ್ಯಾಂಡಿನಲ್ಲಿ ಡ್ರೈವರು 'ಗಾಡಿ ಹಟವಾ' ಎಂದರೆ ಗಾಡಿ ಆ ಕಡೆ ಸರಿಸು ಎಂದು. ಅಡ್ಡ ನಿಂತ ಚೌಕ ಸರಿಯಲಿ ಎಂದು ಹಟವಾ ಒತ್ತಿದೆ.

ಚೌಕ ಸರಿಯಿತು. ಪುಸ್ತಕಗಳೂ ಹೋದವು. ರದ್ದ ಕರಾ ಎಂದರೆ ಆ ಕೆಲಸವನ್ನೇ ಕೈಬಿಡು ಎಂದು, ಹಟವಾ ಎಂದರೆ ಅಳಿಸು ಎಂದು ಆಮೇಲೆ ತಿಳಿಯಿತು. ಟ್ಯಾಬನ್ನು ಮೊದಲಿನಂತೆ ಚಾರ್ಜಿಗೆ ಇಟ್ಟು ಎಮ್ಮೆಗೆ ಮೇವು ಹಾಕಿದೆ. ಏನೂ ಆಗಲಿಲ್ಲ ನನಗೆ.

ಮರುದಿನ ಮುಂಜಾನೆ ಮೇವು ಕತ್ತರಿಸುವ ಯಂತ್ರದ ಒಂದು ಬೆಲ್ಟ್ ಬೇಕೆಂದು ಹೇಳಿ ನಿಲಂಗಾಕ್ಕೆ ಹೋದೆ. ಬೆಲ್ಟ್ ಉಮರ್ಗಾದಲ್ಲೂ ಸಿಗುತ್ತಿತ್ತು. ಸಂಜೆ ಊಟಕ್ಕೆ ಕುಳಿತಾಗ ತಂಗಿ ಕೇಳಿದಳು.

"ಅಣ್ಣಾ, ನೀ ಏನರೆ ಟ್ಯಾಬ್ ಮುಟ್ಟಿದ್ದೇನ?"

"ನಾ ಯಾಕ ಮುಟ್ಟಲಿ. ಅದರಾಗ ನಂಗೇನ ತಿಳೀತದ."

ಅವ್ವ ನನ್ನ ಮುಖ ನೋಡಿದಳು. ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಹಂಗಾರ ಪುಟ ಸರಸೋ ಆ ಹುಡುಗೀನೇ ಏನೋ ಒತ್ಯಾಳ," ಎಂದಳು ತಂಗಿ. "ಕಡೀಕ ಮುಟ್ಟಿದಾಕಿ ಆಕೀನೇ. ಇಲ್ಲ ಅಂತ ಹೇಳ್ತಾಳ. ನಾ ಬೈಲಿಲ್ಲ. ಇನ್ನ ಮುಟ್ಟಬ್ಯಾಡ ಅಂದೆ, ಅಷ್ಟೇ."

ನಾನು ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.

ಉಮರ್ಗಾದ ಮೊಬೈಲ್ ಅಂಗಡಿಯವನು ಏನೂ ಮರಳಿ ಬರುವುದಿಲ್ಲ ಎಂದ. ತಂಗಿ ಮತ್ತೆ ಮೊದಲಿನಿಂದ ಪುಸ್ತಕ ತರತೊಡಗಿದಳು. ಅವಳು ಅಂಗಳದಲ್ಲಿ ಫೋಟೋ ತೆಗೆಯುವಾಗ ಗಾಳಿಗೆ ಪುಟ ಏಳದಂತೆ ನಾನು ಹಿಡಿದುಕೊಂಡು ಕೂರುತ್ತಿದ್ದೆ. ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಇರಲಿಲ್ಲ. ಹೇಳಲಿಲ್ಲ. ವರ್ಗದಲ್ಲಿ ಮಕ್ಕಳು ಆ ಹುಡುಗಿಯನ್ನು 'ಪುಸ್ತಕ ನುಂಗಿದಾಕಿ' ಎಂದು ಕರೆಯುತ್ತಾರೆ, ಅವಳು ಈಗ ಗಟ್ಟಿಯಾಗಿ ಓದುವುದೇ ಇಲ್ಲ ಎಂದು ತಂಗಿಯೇ ಹೇಳುತ್ತಿದ್ದಳು. ನಾನು ಹೂಂ ಎನ್ನುತ್ತಿದ್ದೆ.

ಈ ವರ್ಷ ಒಂದು ದಿನ ಹಿಟ್ಟಿನ ಗಿರಣಿಯಲ್ಲಿ ಆ ಹುಡುಗಿ ಸಿಕ್ಕಳು. ಜೋಳದ ಡಬ್ಬಿಯ ಮೇಲೆ ಕೈಯಿಟ್ಟು ಪಾಳಿಗೆ ನಿಂತಿದ್ದಳು. ಉದ್ದ ಆಗಿದ್ದಳು.

"ಕಾಕಾ, ಬಾಯಿಯವರು ಹೊಸ ಪುಸ್ತಕ ಹಾಕ್ಯಾರಂತಲ್ರಿ?"

"ಹಾಕ್ಯಾಳವ್ವಾ."

"ನಾ ಏನೂ ಮುಟ್ಟಂಗಿಲ್ಲ ಅಂತ ಹೇಳ್ರಿ ಅವರಿಗಿ."

ಗಿರಣಿಯ ಸದ್ದಿನಲ್ಲಿ ಇಷ್ಟೇ ಮಾತು. ಹಿಟ್ಟು ತಂದು ಇಳಿಸಿ, ಅಂಗಳದಲ್ಲಿ ಮಕ್ಕಳ ವಹಿ ತಿದ್ದುತ್ತಿದ್ದ ತಂಗಿಗೆ ಹೇಳಿದೆ. ಕುಸ್ತಿ, ಚೌಕ, ಎರಡು ಮಾತು, ಎಲ್ಲ. ಅವಳು ಪೆನ್ನಿನ ಟೊಪ್ಪಿಗೆ ಹಾಕಿದಳು.

"ಅವ್ವಗ ಗೊತ್ತಿತ್ತೇನ?"

"ಗೊತ್ತಿತ್ತು."

"ಪುಸ್ತಕ ಹೋದ್ರ ಹೋಗ್ಲಿ ಅಣ್ಣಾ. ನಾ ಆ ಹುಡುಗೀನ ಮೂವತ್ತು ಮಂದಿ ಮುಂದ ನಿಂದರಿಸಿ ಕೇಳೀನಿ."

ಬಯ್ಯಲಿಲ್ಲ. ಬೈದಿದ್ದರೆ ಏನಾದರೂ ಅನಿಸುತ್ತಿತ್ತೋ ಏನೋ.

ಮರುದಿನ ಅವಳು ಅದೇ ಮಕ್ಕಳ ಮುಂದೆ, ಅಳಿಸಿದ್ದು ನನ್ನ ಅಣ್ಣ, ಈಕೆಯಲ್ಲ ಎಂದು ಹೇಳಿದಳಂತೆ. ಹುಡುಗಿಯನ್ನು ಹೆಸರು ಹಿಡಿದು ಕರೆದು, ಬಾ, ಪುಟ ನೀನೇ ಸರಿಸು ಎಂದಳಂತೆ. ಸಂಜೆ ಮನೆಗೆ ಬಂದು ಕಾಲು ತೊಳೆಯುತ್ತಿದ್ದಾಗ, ಬಂದಳೇನು ಎಂದು ಕೇಳಿದೆ.

"ಇಲ್ಲ. 'ಇಲ್ಲಿಂದನೇ ಕಾಣ್ತದ್ರಿ ಬಾಯಿ' ಅಂದ್ಳು," ಎಂದು ತಂಗಿ ಒಳಗೆ ಹೋದಳು.